ಬಿತ್ತುವ ಯಂತ್ರಕ್ಕೆ ಕೈ ಹಾಕುವ ಹೊತ್ತು

ಒಕ್ಕಣೆ ಯಂತ್ರದ ಬಾಯಿಗೆ ಕೈ ಕೊಟ್ಟವರ ಸುದ್ದಿ ನಮಗೆ ಹೊಸದಲ್ಲ. ಮೇವು ಕತ್ತರಿಸುವ ಯಂತ್ರವನ್ನೂ ಹಳ್ಳಿಯವರು ಅಂಜಿಕೆಯಿಂದಲೇ ಮುಟ್ಟುತ್ತಾರೆ. ಅಪಾಯಕಾರಿ ಯಂತ್ರಗಳನ್ನು ನಿಯಂತ್ರಿಸಲೆಂದು 1983ರಲ್ಲಿ ಸಂಸತ್ತು ಕಾಯ್ದೆ ಮಾಡಿದಾಗಲೂ ಅದರಲ್ಲಿ ಹೆಸರು ಹಿಡಿದು ಹೇಳಿದ್ದು ಒಕ್ಕಣೆ ಯಂತ್ರವನ್ನೇ. ಬಿತ್ತುವ ಯಂತ್ರದ ಬಗ್ಗೆ ಮಾತ್ರ ಯಾರಿಗೂ ಅಂಥ ಭಯವಿಲ್ಲ. ಅದು ಟ್ರ್ಯಾಕ್ಟರಿನ ಹಿಂದೆ ಎತ್ತಿನ ನಡಿಗೆಗಿಂತ ತುಸು ಬಿರುಸಾಗಿ ಸಾಗುತ್ತದೆ, ಸದ್ದು ಕಡಿಮೆ, ಹರಿತವಾದ ಬಾಯಿ ಕಣ್ಣಿಗೆ ಬೀಳುವುದಿಲ್ಲ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ, ಕಲಬುರಗಿಯ ತೊಗರಿ ಸೀಮೆಯಲ್ಲಿ ಅದನ್ನು ಇಂದಿಗೂ ಕೂರಿಗೆ ಎಂದೇ ಕರೆಯುವವರಿದ್ದಾರೆ. ಕೂರಿಗೆಗೆ ಹೆದರುವವರು ಯಾರು? ಆದರೆ ಈ ಯಂತ್ರಕ್ಕೂ ತನ್ನದೇ ಒಂದು ಸ್ವಭಾವವಿದೆ. ಬಿತ್ತುತ್ತಿರುವಾಗ ಅದು ಗಾಯ ಮಾಡುವುದು ಅಪರೂಪ. ಬಿತ್ತುವುದು ನಿಂತಾಗ, ಕಾಳು ಬೀಳುತ್ತಿಲ್ಲವೆಂದು ಯಾರೋ ಒಬ್ಬರು ಅವಸರದಲ್ಲಿ ಒಳಗೆ ಕೈ ಹಾಕಿದಾಗ ಅದರ ಅಪಾಯ ಶುರುವಾಗುತ್ತದೆ. ಹೊಲದಲ್ಲಿ, ಮಳೆಯ ಹದದಲ್ಲಿ, ಎಂಜಿನ್ ಚಾಲೂ ಇರುವಾಗ ಮಾಡುವ ರಿಪೇರಿಯೇ ಇದರ ಅಸಲಿ ಅಪಾಯ. ಹಾಗಾಗಿ ಈ ಯಂತ್ರದ ಸುರಕ್ಷತೆ ಹೊಲದಲ್ಲಿ ತೋರುವ ಎಚ್ಚರಕ್ಕಿಂತ ಹೆಚ್ಚಾಗಿ ಬೇಸಿಗೆಯಲ್ಲಿ ಶೆಡ್ಡಿನೊಳಗೆ ನಡೆಯುವ ಕೆಲಸವನ್ನು ಅವಲಂಬಿಸಿದೆ ಎಂಬುದು ನನ್ನ ವಾದ.

ಯಂತ್ರ ಏಕೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಅದರ ಒಳಗನ್ನು ಸ್ವಲ್ಪ ನೋಡಬೇಕು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬರೆದಿಟ್ಟ ಕೂರಿಗೆಯಲ್ಲಿ ಕಾಳನ್ನು ಅಳೆದು ಬಿಡುತ್ತಿದ್ದುದು ಮನುಷ್ಯನ ಮುಷ್ಟಿ. ಬಟ್ಟಲಿಗೆ ಬಿದ್ದ ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲು ಸೇರುತ್ತಿತ್ತು. ಇಂದಿನ ಯಂತ್ರದಲ್ಲಿ ಆ ಮುಷ್ಟಿಯ ಕೆಲಸವನ್ನು ಒಂದು ತಟ್ಟೆ ಮಾಡುತ್ತದೆ. ನೆಲದ ಮೇಲೆ ಉರುಳುವ ಚಕ್ರ ಚೈನಿನ ಮೂಲಕ ಆ ತಟ್ಟೆಯನ್ನು ತಿರುಗಿಸುತ್ತದೆ. ತಟ್ಟೆಯ ಅಂಚಿನ ಗುಳಿಗಳು ಡಬ್ಬಿಯಿಂದ ಒಂದೊಂದೇ ಕಾಳನ್ನು ಎತ್ತಿ ಪೈಪಿಗೆ ಬಿಡುತ್ತವೆ. ದುಬಾರಿ ಬೆಲೆಯ ಗಾಳಿ ಯಂತ್ರಗಳಲ್ಲಿ ಗುಳಿಯ ಬದಲು ತೂತುಗಳಿರುತ್ತವೆ. ಟ್ರ್ಯಾಕ್ಟರ್ ಎಂಜಿನ್ನಿನ ಶಕ್ತಿಯನ್ನು ಯಂತ್ರಕ್ಕೆ ದಾಟಿಸುವ ಪಿಟಿಒ ದಂಡದಿಂದ ತಿರುಗುವ ಫ್ಯಾನು ಗಾಳಿಯನ್ನು ಎಳೆದು ಕಾಳನ್ನು ತೂತಿಗೆ ಅಂಟಿಸಿ ಹಿಡಿಯುತ್ತದೆ. ಗೊಬ್ಬರಕ್ಕೆ ಬೇರೆ ಡಬ್ಬಿ, ಬೇರೆ ಪೈಪು. ಇಷ್ಟರಲ್ಲಿ ಕೆಡುವ ಜಾಗಗಳು ಹಲವು. ಹಸಿ ಎರೆಮಣ್ಣು ಸಾಲು ಸೀಳುವ ಕುಳದ ಹಿಂಬಾಯಿಗೆ ಮೆತ್ತಿ ಗಟ್ಟಿಯಾಗುತ್ತದೆ. ಕುಳ ನೆಲದಲ್ಲಿರುವಾಗಲೇ ಡ್ರೈವರ್ ಟ್ರ್ಯಾಕ್ಟರನ್ನು ಒಂದು ಮಾರು ಹಿಂದಕ್ಕೆ ತೆಗೆದರೂ ಸಾಕು, ಪೈಪುಗಳ ಬಾಯಿ ಮಣ್ಣಿನಿಂದ ತುಂಬಿಹೋಗುತ್ತದೆ. ಯೂರಿಯಾ ಗಾಳಿಯ ತೇವ ಹೀರಿ ಹೆಂಟೆ ಕಟ್ಟುತ್ತದೆ. ಚೈನು ಸಡಿಲಾದರೆ ಹಲ್ಲು ಜಿಗಿಯುತ್ತದೆ, ತಟ್ಟೆಯ ಗುಳಿ ಸವೆದರೆ ಎರಡೆರಡು ಕಾಳು ಬೀಳುತ್ತವೆ.

ಹೀಗೆ ನಿಂತ ಯಂತ್ರದ ಮುಂದೆ ಏನಾಗುತ್ತದೆ ನೋಡಿ. ಡ್ರೈವರ್ ಲಿವರ್ ಎಳೆದು ಯಂತ್ರವನ್ನು ಸೊಂಟದ ಮಟ್ಟಕ್ಕೆ ಎತ್ತುತ್ತಾನೆ, ಎಂಜಿನ್ ಗುರುಗುಡುತ್ತಲೇ ಇರುತ್ತದೆ. ಹಿಂದೆ ಬರುತ್ತಿದ್ದವನು ಒಂದು ಕಡ್ಡಿಯನ್ನೋ ಸ್ಕ್ರೂಡ್ರೈವರನ್ನೋ ಹಿಡಿದು ಅಡಿಗೆ ತೂರುತ್ತಾನೆ, ಮುಖವನ್ನು ಕುಳದ ಸಮಕ್ಕೆ ತಂದು ಮಣ್ಣು ಕೆರೆಯುತ್ತಾನೆ. ಅವನ ತಲೆಯ ಮೇಲೆ ಆ ಹೊತ್ತಿಗೆ ಕ್ವಿಂಟಲ್‌ಗಟ್ಟಲೆ ಕಬ್ಬಿಣ, ಜೊತೆಗೆ ತುಂಬಿದ ಗೊಬ್ಬರದ ಡಬ್ಬಿ. ಅಷ್ಟೂ ಭಾರವನ್ನು ತಡೆದಿರುವುದು ಹೈಡ್ರಾಲಿಕ್ ಸಿಲಿಂಡರಿನೊಳಗಿನ ಎಣ್ಣೆ ಮತ್ತು ಒಂದು ರಬ್ಬರ್ ಸೀಲು. ಸೀಲು ಹಳತಾಗಿದ್ದರೆ ಯಂತ್ರ ನಿಧಾನವಾಗಿ ಕುಸಿಯುತ್ತದೆ. ಹೋಸ್ ಒಡೆದರೆ, ಡ್ರೈವರಿನ ಮೊಣಕೈ ಲಿವರಿಗೆ ತಗುಲಿದರೆ ನಿಧಾನದ ಪ್ರಶ್ನೆಯೇ ಇಲ್ಲ. ಎಂಜಿನ್ ಆರಿಸಿದರೂ ಈ ಅಪಾಯ ಹೋಗುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ, ಏಕೆಂದರೆ ಎತ್ತಿದ ಭಾರಕ್ಕೆ ಕೆಳಗಿಳಿಯಲು ಎಂಜಿನ್ನಿನ ಹಂಗಿಲ್ಲ. ಅಡಿಗೆ ಹೋಗುವ ಮುಂಚೆ ಯಂತ್ರ ಗಟ್ಟಿಯಾದ ಆಧಾರದ ಮೇಲೆ ಕೂತಿರಬೇಕು. ಯಂತ್ರದ ಜೊತೆಗೇ ಬರುವ ಸ್ಟ್ಯಾಂಡು ಒಳ್ಳೆಯದು, ಅದಿಲ್ಲದಿದ್ದರೆ ದಪ್ಪನೆಯ ಮರದ ದಿಮ್ಮಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಬೇಡ. ಗೋಡೆಯಲ್ಲಿ ಭಾರ ಹೊರುವ ಅವು ಒಂದೇ ಮೂಲೆಗೆ ಒತ್ತು ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಇನ್ನೊಂದು ಮಾತು: ಟ್ರ್ಯಾಕ್ಟರಿನ ಕೀಲಿ ಅಡಿಗೆ ಹೋಗುವವನ ಜೇಬಿನಲ್ಲಿರಬೇಕೇ ಹೊರತು ಡ್ರೈವರಿನ ಬಳಿಯಲ್ಲಲ್ಲ. ನಂಬಿಕೆ ಇಲ್ಲವೆಂದಲ್ಲ. ಸೀಟಿನಲ್ಲಿ ಕೂತವನಿಗೆ ಹಿಂದಿನವನು ಕಾಣುವುದಿಲ್ಲ, ಎಂಜಿನ್ ಸದ್ದಿನಲ್ಲಿ ‘ತಡಿ’ ಎಂದು ಕೂಗಿದ್ದು ‘ನಡಿ’ ಎಂದು ಕೇಳಿಸಿದರೆ ಆಶ್ಚರ್ಯವೂ ಇಲ್ಲ.

ಗಾಳಿ ಯಂತ್ರಕ್ಕೆ ಇದರ ಮೇಲೆ ಇನ್ನೊಂದು ಅಪಾಯ ಸೇರುತ್ತದೆ. ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ದಂಡದ ಸುತ್ತಳತೆ ಒಂದು ಗೇಣು ಎಂದುಕೊಂಡರೂ ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆಯನ್ನು ಅದು ಸುತ್ತಿಕೊಳ್ಳಬಲ್ಲದು. ಹೆಗಲ ಮೇಲಿನ ಟವೆಲು, ಲುಂಗಿಯ ತುದಿ, ಕಸ ತೆಗೆಯಲು ಬಗ್ಗಿದವಳ ಸೆರಗು ಸಿಕ್ಕಿದ್ದು ಅರಿವಿಗೆ ಬರುವಷ್ಟರಲ್ಲಿ ಮೈ ದಂಡದ ಹತ್ತಿರವಿರುತ್ತದೆ. ಅದಕ್ಕೆಂದೇ ಹೊರಗೊಂದು ಪ್ಲಾಸ್ಟಿಕ್ ಕವಚ ಬರುತ್ತದೆ. ಗ್ರೀಸ್ ಹಾಕಲು ಅಡ್ಡಿ ಎಂದು ಅದನ್ನು ಮೊದಲ ವರ್ಷವೇ ಕಿತ್ತು ಎಸೆಯುವುದು ನಮ್ಮಲ್ಲಿ ಮಾಮೂಲು. ಅಡ್ಡಿ ನಿಜ, ಆದರೆ ಸರಿಯಿರುವ ಕವಚ ದಂಡದ ಜೊತೆ ತಿರುಗುವುದಿಲ್ಲ. ಎಂಜಿನ್ ನಿಂತಾಗ ಕೈಯಿಂದ ತಿರುಗಿಸಿದರೆ ಸಲೀಸಾಗಿ ಜಾರಬೇಕು. ಜಾರದಿದ್ದರೆ ಒಳಗಿನ ಬೇರಿಂಗ್ ಹಿಡಿದಿದೆ ಎಂದರ್ಥ. ಪಿಟಿಒ ಬಿಡಿಸಿದ ಮೇಲೂ ಫ್ಯಾನು ಕೆಲ ಹೊತ್ತು ತಿರುಗುತ್ತಲೇ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ಹೈಡ್ರಾಲಿಕ್ ಹೋಸಿನ ಸೂಜಿಮೊನೆಯಷ್ಟು ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕುವುದಂತೂ ಶುದ್ಧ ಅವಿವೇಕ. ಆ ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಒಂದು ಚುಕ್ಕೆಯಷ್ಟೇ ಕಾಣುವುದರಿಂದ ಆಸ್ಪತ್ರೆಗೆ ಹೋಗದೆ ಸುಮ್ಮನಿದ್ದವರು ಬೆರಳನ್ನೇ ಕಳೆದುಕೊಳ್ಳಬಹುದು. ತಡವಬೇಕಿದ್ದರೆ ರಟ್ಟಿನ ತುಂಡಿನಿಂದ ತಡವಿ, ಎಣ್ಣೆ ಒಳಹೊಕ್ಕ ಅನುಮಾನವಿದ್ದರೆ ಅಂದೇ, ಆ ಗಂಟೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಬಲ್ಲ ವೈದ್ಯರ ಬಳಿಗೆ ಹೋಗಿ.

ಇಲ್ಲಿ ರೈತರು ಎತ್ತುವ ತಕರಾರು ಹಗುರವಾದದ್ದಲ್ಲ. ಮಿರಗದ ಮಳೆ ಬಿದ್ದು ನೆಲ ಹದಕ್ಕೆ ಬಂದಿದೆ, ಇನ್ನೆರಡು ದಿನದಲ್ಲಿ ಆರಿಹೋಗುತ್ತದೆ ಇಲ್ಲವೇ ಮತ್ತೊಂದು ಮಳೆ ಬಂದು ಕಾಲಿಡಲಾಗದಂತೆ ಆಗುತ್ತದೆ. ಟ್ರ್ಯಾಕ್ಟರಿಗೆ ಗಂಟೆ ಲೆಕ್ಕದ ಬಾಡಿಗೆ, ಪಕ್ಕದ ಹೊಲದವರು ಬದುವಿನ ಮೇಲೆ ಕಾಯುತ್ತಿದ್ದಾರೆ. ಹೀಗಿರುವಾಗ ಪ್ರತಿ ಸಲ ಎಂಜಿನ್ ಆರಿಸು, ಇಳಿಸು, ದಿಮ್ಮಿ ಇಡು ಎನ್ನುವುದು ಶೆಡ್ಡಿನಲ್ಲಿ ಕೂತು ಹೇಳುವ ಮಾತಲ್ಲವೇ? ಲೆಕ್ಕ ಹಾಕಿ ನೋಡೋಣ. ಎರಡು ಅಡಿ ಅಂತರದ ನಾಲ್ಕು ಸಾಲಿನ ಯಂತ್ರ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಸಾಗಿದರೆ, ತಿರುವು, ಕಾಳು ತುಂಬುವ ಹೊತ್ತು ಎಲ್ಲ ಕಳೆದು ಗಂಟೆಗೆ ಸುಮಾರು ಒಂದೂವರೆ ಎಕರೆ ಬಿತ್ತುತ್ತದೆ. ಎಂಜಿನ್ ಆರಿಸಿ ಆಧಾರ ಕೊಡಲು ಹೆಚ್ಚಿಗೆ ಬೇಕಾಗುವ ಎರಡು ನಿಮಿಷ ಎಂದರೆ ಎರಡು ಗುಂಟೆ ಬಿತ್ತನೆ. ದಿನಕ್ಕೆ ಮೂರು ನಾಲ್ಕು ಸಲ ನಿಂತರೆ ಆರರಿಂದ ಎಂಟು ಗುಂಟೆ, ಅಷ್ಟೇ. ಇಷ್ಟು ಸಣ್ಣ ಲೆಕ್ಕಕ್ಕೂ ಡ್ರೈವರುಗಳು ಎಂಜಿನ್ ಆರಿಸದಿರುವುದೇಕೆ ಎಂದು ಕೆದಕಿದರೆ ಎಷ್ಟೋ ಕಡೆ ಸಿಗುವ ಉತ್ತರ ಬೇರೆ: ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಸತ್ತಿದೆ, ಟರ್ಮಿನಲ್ಲಿಗೆ ಹಸಿರು ಹಿಟ್ಟು ಕಟ್ಟಿದೆ, ಬೆಳಿಗ್ಗೆ ಇಳಿಜಾರಿನಲ್ಲಿ ತಳ್ಳಿ ಎಬ್ಬಿಸಿದ ಗಾಡಿ ಅದು. ಅಂಥವನಿಗೆ ಜಾಗ್ರತೆಯ ಉಪದೇಶ ಮಾಡಿ ಏನು ಫಲ? ಬಿಸಿನೀರು ಸುರಿದು ಟರ್ಮಿನಲ್ ತೊಳೆದು, ನಟ್ಟು ಬಿಗಿದು ಕೊಡುವುದು ಅವನ ಸಹಾಯಕನ ಬೆರಳು ಉಳಿಸಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ಪದೇ ಪದೇ ನಿಲ್ಲುವ ಯಂತ್ರದ ವಿಚಾರದಲ್ಲಿ ಮಾತ್ರ ತಕರಾರು ಗೆಲ್ಲುತ್ತದೆ ಎಂದು ಒಪ್ಪಬೇಕು. ಗಂಟೆಗೆ ಹತ್ತು ಸಲ ಕಟ್ಟಿಕೊಳ್ಳುವ ಯಂತ್ರದ ಎದುರು ಯಾವ ನಿಯಮವೂ ಮಧ್ಯಾಹ್ನದ ತನಕ ಬಾಳುವುದಿಲ್ಲ. ನಿಯಮ ಉಳಿಯಬೇಕಾದರೆ ನಿಲ್ಲುವ ಸಂದರ್ಭಗಳೇ ಕಡಿಮೆಯಾಗಬೇಕು, ಅದು ಸಾಧ್ಯವಾಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ಆಧಾರದ ಮೇಲೆ ನಿಲ್ಲಿಸಿ, ಟ್ರ್ಯಾಕ್ಟರಿನಿಂದ ಬಿಡಿಸಿ, ಡಬ್ಬಿಗಳನ್ನು ಪೂರ್ತಿ ಖಾಲಿ ಮಾಡಿ ಒಂದು ಕಡೆಯಿಂದ ನೋಡುತ್ತ ಬರಬೇಕು. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಕೊಡಬೇಕು, ಬಿಗಿತ ಸರಿಮಾಡಬೇಕು. ಇಲ್ಲೊಂದು ಎಚ್ಚರಿಕೆ ಉಂಟು: ಎಂಜಿನ್ ಇಲ್ಲದಿದ್ದರೂ ಈ ಚೈನು ಬೆರಳು ಕತ್ತರಿಸುತ್ತದೆ. ಒಬ್ಬ ನೆಲಚಕ್ರವನ್ನು ಕೈಯಿಂದ ತಿರುಗಿಸುತ್ತಾನೆ, ಇನ್ನೊಬ್ಬ ಚೈನಿಗೆ ಎಣ್ಣೆ ಬಿಡುತ್ತಾನೆ, ಮಾತಿನ ಭರದಲ್ಲಿ ಬೆರಳು ಚೈನು-ಹಲ್ಲುಚಕ್ರಗಳ ನಡುವೆ ಹೋಗುತ್ತದೆ. ತಿರುಗಿಸುವವನೂ ಎಣ್ಣೆ ಬಿಡುವವನೂ ಒಬ್ಬನೇ ಆದರೆ ಒಳ್ಳೆಯದು. ಚಕ್ರದ ಬೇರಿಂಗಿನಲ್ಲಿ ಅಲುಗಾಟ, ತಟ್ಟೆಯ ಗುಳಿಗಳ ಸವೆತ, ಬಿರಿದ ಪೈಪು, ಕುಳದ ಮೊನೆ, ಹೋಸಿನ ಮೇಲಿನ ಸೀಳು ಇವೆಲ್ಲ ನಿಂತ ಯಂತ್ರದಲ್ಲಿ ನಿರಾಳವಾಗಿ ಕಣ್ಣಿಗೆ ಬೀಳುತ್ತವೆ. ಹೊಲದಲ್ಲಿ ಇದೇ ದೋಷ ಕಾಣಬೇಕಾದರೆ ಸಾಲು ಮೊಳೆಯದೆ ಬೋಳು ಬೀಳಬೇಕು.

ಆಮೇಲೆ ಮಾಡಬೇಕಾದ ಒಂದು ಪರೀಕ್ಷೆಯನ್ನು ನಮ್ಮ ರೈತರು ತೀರಾ ಕಡಿಮೆ ಮಾಡುತ್ತಾರೆ, ಆದರೆ ಬೇಸಾಯಕ್ಕೂ ಸುರಕ್ಷತೆಗೂ ಒಟ್ಟಿಗೆ ಲಾಭ ತರುವ ಕೆಲಸ ಅದೊಂದೇ. ನೆಲಚಕ್ರ ತುಸು ಮೇಲೇಳುವಂತೆ ಯಂತ್ರವನ್ನು ಆಧಾರದ ಮೇಲೆ ಕೂರಿಸಿ, ಡಬ್ಬಿಗೆ ಕಾಳು ತುಂಬಿ, ಪ್ರತಿ ಪೈಪಿನ ಕೆಳಗೆ ಒಂದೊಂದು ಚೀಲ ಕಟ್ಟಿ ಚಕ್ರವನ್ನು 20 ಸುತ್ತು ತಿರುಗಿಸಿ. ಚಕ್ರದ ವ್ಯಾಸ 45 ಸೆಂಟಿಮೀಟರ್ ಇದ್ದರೆ 20 ಸುತ್ತಿಗೆ ಯಂತ್ರ ಹೊಲದಲ್ಲಿ 28 ಮೀಟರಿನಷ್ಟು ಸಾಗಿದಂತೆ. 60 ಸೆಂಟಿಮೀಟರ್ ಅಂತರದ ನಾಲ್ಕು ಸಾಲು ಸೇರಿ 2.4 ಮೀಟರ್ ಅಗಲ. ಅಂದರೆ ಸುಮಾರು 68 ಚದರ ಮೀಟರ್, ಎಕರೆಯ ಅರವತ್ತರಲ್ಲಿ ಒಂದು ಪಾಲು. ಎಕರೆಗೆ 8 ಕಿಲೋ ಮೆಕ್ಕೆಜೋಳ ಬೀಳಬೇಕಿದ್ದರೆ ನಾಲ್ಕೂ ಚೀಲ ಸೇರಿ ಹೆಚ್ಚುಕಡಿಮೆ 134 ಗ್ರಾಂ ತೂಗಬೇಕು, ಚೀಲಗಳ ನಡುವೆ ದೊಡ್ಡ ವ್ಯತ್ಯಾಸ ಇರಕೂಡದು. ಒಂದು ಚೀಲ ಹಗುರವಾಗಿದ್ದರೆ ಆ ಸಾಲಿನ ತಟ್ಟೆಯಲ್ಲೋ ಪೈಪಿನಲ್ಲೋ ದೋಷವಿದೆ. ಆ ದೋಷವನ್ನು ಇಲ್ಲಿ ಹಿಡಿಯದೆ ಬಿಟ್ಟರೆ ಹೊಲದಲ್ಲಿ ಅದು ಎರಡು ರೀತಿಯಲ್ಲಿ ಸಿಗುತ್ತದೆ. ಗಮನಿಸದೆ ಹೋದರೆ, ಕಾಳಿನಿಂದ ಕಾಳಿಗೆ 20 ಸೆಂಟಿಮೀಟರ್ ಲೆಕ್ಕದಲ್ಲಿ ನೂರು ಮೀಟರ್ ಸಾಲಿಗೆ 500 ಗಿಡದವರೆಗೂ ನಷ್ಟ. ಗಮನಿಸಿದರೆ, ಯಾರೋ ಒಬ್ಬರು ಎತ್ತಿದ ಯಂತ್ರದ ಅಡಿಗೆ ತೂರುತ್ತಾರೆ. ಗಾಳಿ ಯಂತ್ರದಲ್ಲಿ ಫ್ಯಾನು ತಿರುಗದೆ ಈ ಪರೀಕ್ಷೆ ಆಗುವುದಿಲ್ಲ, ನಿಜ. ಆಗ ಕವಚವೆಲ್ಲ ಸ್ವಸ್ಥಾನದಲ್ಲಿರಲಿ, ಒಬ್ಬರು ಟ್ರ್ಯಾಕ್ಟರಿನ ಬಳಿಯೇ ನಿಂತಿರಲಿ. ನೋಡುವುದು ತಿರುಗುವಾಗ, ತಿದ್ದುವುದು ನಿಂತ ಮೇಲೆ.

ಕಬ್ಬಿಣದ ಅಪಾಯ ಕಣ್ಣಿಗೆ ಕಾಣುತ್ತದೆ, ವಿಷ ಲೇಪಿಸಿದ ಬಣ್ಣದ ಬೀಜದ ಅಪಾಯ ಕಾಣುವುದಿಲ್ಲ. 2018ರಲ್ಲಿ ಭಾರತದಲ್ಲೇ ಮೊದಲಿಗೆ ಫಾಲ್ ಸೈನಿಕ ಹುಳು ಪತ್ತೆಯಾದದ್ದು ಕರ್ನಾಟಕದ ಮೆಕ್ಕೆಜೋಳದಲ್ಲಿ. ಅದರ ಹಾವಳಿ ತಡೆಯಲು ಬೀಜಕ್ಕೆ ಸಯಾಂಟ್ರನಿಲಿಪ್ರೋಲ್, ಥಯಾಮೆಥಾಕ್ಸಾಮ್ ಲೇಪಿಸುವುದು ಬಳಕೆಗೆ ಬಂತು. ಥೈರಮ್, ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕಗಳು ಮೊದಲಿನಿಂದಲೂ ಇದ್ದವು. ತಟ್ಟೆಯ ಉಜ್ಜಾಟಕ್ಕೆ ಈ ಲೇಪ ಪುಡಿಯಾಗಿ ಡಬ್ಬಿಯ ತಳದಲ್ಲಿ ಕೂರುತ್ತದೆ. ಅದೇ ಡಬ್ಬಿಗೆ ಬರಿಗೈ ಹಾಕಿ ಬಾಚಿ, ಅದೇ ಕೈಯಲ್ಲಿ ಎಲೆಅಡಿಕೆ ಹಾಕಿಕೊಳ್ಳುವವರಿದ್ದಾರೆ. ಅದಕ್ಕಿಂತ ಕೆಟ್ಟ ಅಭ್ಯಾಸ ಪೈಪು ಕಟ್ಟಿದಾಗ ಬಾಯಿಟ್ಟು ಊದುವುದು. ಊದುವ ಮುನ್ನ ಉಸಿರು ಎಳೆದುಕೊಳ್ಳುತ್ತೇವೆ ಎಂಬುದು ಆ ಕ್ಷಣಕ್ಕೆ ಹೊಳೆಯುವುದಿಲ್ಲ. ಇದು ಅತಿಯಾದ ಹೆದರಿಕೆ ಎನ್ನುವವರಿಗೆ ಜರ್ಮನಿಯ ಬಾಡೆನ್-ವುರ್ಟೆಂಬರ್ಗಿನ ಉದಾಹರಣೆ ಸಾಕು. 2008ರ ವಸಂತದಲ್ಲಿ ರೈನ್ ನದಿಯ ಕಣಿವೆಯ ಆ ಭಾಗದಲ್ಲಿ ಸಾವಿರಾರು ಜೇನು ಕುಟುಂಬಗಳು ಹಾಳಾದವು. ಕಾರಣ ಹುಡುಕಿದಾಗ ಕಂಡದ್ದು ಮೆಕ್ಕೆಜೋಳದ ಬೀಜಕ್ಕೆ ಸರಿಯಾಗಿ ಅಂಟದ ಕ್ಲೋಥಿಯಾನಿಡಿನ್. ಗಾಳಿ ಯಂತ್ರದ ಫ್ಯಾನು ಆ ಪುಡಿಯನ್ನು ಹೊರಗೆ ಊದಿ ಸುತ್ತಲಿನ ಹೂಗಳ ಮೇಲೆ ಕೂರಿಸಿತ್ತು. ಥಯಾಮೆಥಾಕ್ಸಾಮ್ ಕೂಡ ಅದೇ ವರ್ಗದ ವಿಷ. ಯುರೋಪಿನಲ್ಲಿ ಗಾಳಿಯನ್ನು ನೆಲದ ಕಡೆಗೆ ತಿರುಗಿಸುವ ಕೊಳವೆಗಳು ಯಂತ್ರಕ್ಕೆ ಬಂದವು, 2018ರಲ್ಲಿ ಈ ವರ್ಗದ ಮೂರು ಕೀಟನಾಶಕಗಳ ಹೊರಾಂಗಣ ಬಳಕೆಯನ್ನೇ ಅಲ್ಲಿ ನಿಲ್ಲಿಸಲಾಯಿತು. ಜೇನಿಗೆ ಅಷ್ಟು ದೂರ ಮುಟ್ಟಿದ ಪುಡಿ ಯಂತ್ರದ ಬೆನ್ನಿಗೇ ನಡೆಯುವವರ ಮೂಗಿಗೆ ಮುಟ್ಟದೆ ಇದ್ದೀತೇ? ರಬ್ಬರ್ ಕೈಗವಸು, ಬಿಗಿಯಾಗಿ ಕೂರುವ ಮಾಸ್ಕು, ಪೈಪು ಬಿಡಿಸಲು ಉದ್ದನೆಯ ಕಡ್ಡಿ ಅಥವಾ ಬ್ರಷ್ಷು ಇದ್ದರೆ ಆಯಿತು. ಡಬ್ಬಿಯನ್ನು ಕೆರೆ ದಂಡೆಯಲ್ಲೋ ಬಾವಿ ಕಟ್ಟೆಯಲ್ಲೋ ತೊಳೆಯಕೂಡದು, ಉಳಿದ ಬೀಜ ಕೋಳಿಗೆ ಹಾಕಕೂಡದು.

ಯಂತ್ರ ನನ್ನದಲ್ಲ, ಬಾಡಿಗೆಯದು. ಅದರ ಬೇಸಿಗೆ ಕೆಲಸ ನನಗೇಕೆ ಎಂಬುದು ಕೊನೆಯ ತಕರಾರು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ತೂಕದ್ದು. ಸಣ್ಣ ಹಿಡುವಳಿಯ ರೈತ ಇಂಥ ಯಂತ್ರ ಕೊಳ್ಳುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. 2014-15ರಿಂದ ಹೋಬಳಿ ಮಟ್ಟದಲ್ಲಿ ಶುರುವಾದ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೇ ಅದು. ಆದರೆ ಒಂದೇ ಹಂಗಾಮಿನಲ್ಲಿ ಹತ್ತಾರು ಕೈ ದಾಟುವ ಯಂತ್ರಕ್ಕೆ ಯಾರ ಕಣ್ಣೂ ಕಾವಲಿರುವುದಿಲ್ಲ. ಸಂಜೆ ಗೊಬ್ಬರ ತುಂಬಿದ ಡಬ್ಬಿಯೊಂದಿಗೆ ಮರಳಿದ ಯಂತ್ರ ಬೆಳಿಗ್ಗೆ ಹೆಂಟೆ ಕಟ್ಟಿದ ಡಬ್ಬಿಯೊಂದಿಗೆ ಇನ್ನೊಬ್ಬರ ಹೊಲಕ್ಕೆ ಹೋಗುತ್ತದೆ. ಒಬ್ಬರ ಸೋಮಾರಿತನ ಇನ್ನೊಬ್ಬರ ಕೈಗೆ ಗಾಯವಾಗುತ್ತದೆ. ಹಾಗಾಗಿ ಹೊಣೆ ಇರಬೇಕಾದ್ದು ರೈತನ ಮೇಲಲ್ಲ, ಬಾಡಿಗೆಗೆ ಕೊಡುವವರ ಮೇಲೆ, ಅವರು ಸರ್ಕಾರದ ಕೇಂದ್ರದವರೇ ಇರಲಿ, ಊರಿನ ಟ್ರ್ಯಾಕ್ಟರ್ ಮಾಲೀಕನೇ ಇರಲಿ. ರೈತನ ಪಾಲಿಗೆ ಉಳಿಯುವುದು ಒಪ್ಪಿಕೊಳ್ಳುವ ಮುನ್ನ ಕೇಳುವ ಹಕ್ಕು: ಪಿಟಿಒ ಕವಚ ಇದೆಯೇ, ಸ್ಟ್ಯಾಂಡು ಇದೆಯೇ, ಟ್ರ್ಯಾಕ್ಟರ್ ಕೀಲಿಗೆ ಸ್ಟಾರ್ಟ್ ಆಗುತ್ತದೆಯೇ, ಈ ಹಂಗಾಮಿಗೆ ಕಾಳಿನ ಅಳತೆ ಪರೀಕ್ಷೆ ಮಾಡಿದ್ದೀರಾ. ಕಾಳು ಬೀಳುವುದನ್ನು ನೋಡಲು ಯಂತ್ರದ ಹಿಂದಿನ ಹಲಗೆಯ ಮೇಲೆ ಆಳು ನಿಲ್ಲಿಸುವ ರೂಢಿಯನ್ನೂ ಇಲ್ಲೇ ಮುರಿಯಬೇಕು. ಒಳಗೆ ಕಾಣುವಂಥ ಪಾರದರ್ಶಕ ಪೈಪು ಹಾಕಿದರೆ ಆ ಆಳು ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಲೇ ನೋಡಬಹುದು. ಡ್ರೈವರುಗಳ ತರಬೇತಿಗೆ ಜಾಗಗಳಿಲ್ಲ ಎನ್ನುವಂತೆಯೂ ಇಲ್ಲ: ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, ಗಡಿಯಾಚೆ ಅನಂತಪುರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಬಾಡಿಗೆಯ ರಸೀದಿಯಲ್ಲಿ ಗಂಟೆ ಮತ್ತು ಹಣದ ಜೊತೆ ಇನ್ನೆರಡು ಕಾಲಂ ಸೇರಿಸಲು ಹೊಸ ಕಾಯ್ದೆಯೂ ಬೇಕಿಲ್ಲ: ಡಬ್ಬಿ ಖಾಲಿ ಮಾಡಿ ತಂದಿದ್ದಾರೆಯೇ, ಕವಚ ಮತ್ತು ಸ್ಟ್ಯಾಂಡು ಯಂತ್ರದ ಜೊತೆ ವಾಪಸು ಬಂದಿವೆಯೇ.